ಕೆರೆಯ ದಂಡೆಯಲ್ಲಿ ಕೂಡಿದ ಕುಟಾಮ್

ಏಪ್ರಿಲ್-ಮೇ ತಿಂಗಳು ಬಂತೆಂದರೆ ಕರಾವಳಿಯ ಕ್ರೈಸ್ತ ಮನೆಗಳು ತುಂಬಿಕೊಳ್ಳುವ ಕಾಲ. ಶಾಲೆಗಳಿಗೆ ರಜೆ, ಮಾವು-ಹಲಸುಗಳ ಸುಗ್ಗಿ, ಸಾಲುಸಾಲಾಗಿ ರೋಸ್ ಹಾಗೂ ಮದುವೆಗಳು. ಮುಂಬಯಿ, ಬೆಂಗಳೂರು ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದವರು ಮಕ್ಕಳನ್ನು ಕರೆದುಕೊಂಡು ಊರಿಗೆ ಬರುತ್ತಾರೆ. 1998ರಲ್ಲಿ ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ತೆರೆದ ಬಳಿಕ ಮುಂಬಯಿಯ ದಾರಿಯೂ ಹತ್ತಿರವಾಯಿತು. ದಾರಿ ಹತ್ತಿರವಾದಂತೆ ಮನೆ ಮಾತ್ರ ದೂರವಾಯಿತೋ ಏನೋ! ಬಂದವರೆಲ್ಲ ಒಟ್ಟಾಗಿ ಇಳಿದುಕೊಳ್ಳಬಲ್ಲ ಮೂಲಮನೆ ಇಂದು ಎಷ್ಟು ಕುಟುಂಬಗಳಿಗೆ ಉಳಿದಿದೆ?

1974ರ ಭೂಸುಧಾರಣೆಯಿಂದ ನಮ್ಮವರಲ್ಲಿ ಕೆಲವರು ಒಕ್ಕಲುತನದಿಂದ ಒಡೆತನಕ್ಕೇರಿದರು, ಕೆಲವರು ಗದ್ದೆಗಳನ್ನು ಕಳೆದುಕೊಂಡರು. ಮುಂದೆ ಪಾಲಾಯಿತು, ಪಾಲಾದದ್ದು ಮಾರಾಟವಾಯಿತು. ಅಂಗಳದಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದ ಜಾಗದಲ್ಲಿ ಈಗ ಬಹುಮಹಡಿ ಕಟ್ಟಡಗಳಿವೆ. ಹೀಗಾಗಿ ಕುಟುಂಬ ಸಮ್ಮಿಲನವೆಂದರೆ ಬಾಡಿಗೆಯ ವಿಶ್ರಾಂತಿಧಾಮ ಎಂಬ ಹೊಸ ಪದ್ಧತಿ ಬಂದಿದೆ. ಇದನ್ನು ಆಡಂಬರವೆಂದು ಮೂಗು ಮುರಿಯುವವರಿದ್ದಾರೆ. ನಮ್ಮ ಕುಟಾಮ್ ಕೂಡ ಕಳೆದ ಬೇಸಿಗೆಯಲ್ಲಿ ಮಂಗಳೂರು ಹೊರವಲಯದ ಕೆರೆಯ ದಂಡೆಯಲ್ಲಿ ಎರಡು ದಿನ ಕೂಡಿತು. ಅಲ್ಲಿ ಕಂಡದ್ದನ್ನು ಓದುಗರೊಡನೆ ಹಂಚಿಕೊಳ್ಳುವುದು ಉಚಿತವೆಂದು ಭಾವಿಸಿದ್ದೇವೆ.

ನಾಲ್ಕು ತಲೆಮಾರುಗಳ ಐವತ್ತೆಂಟು ಮಂದಿ ಸೇರಿದ್ದೆವು. ಮೂಲಮನೆಯಲ್ಲಿ ಕೂಡಿದ ದಿನಗಳಲ್ಲಿ ಒಬ್ಬರು ಮನೆಯವರು, ಉಳಿದವರು ನೆಂಟರು. ಹೆಂಗಸರಿಗೆ ಅಡುಗೆಮನೆಯೇ ಹಬ್ಬ. ಇಲ್ಲಿ ಯಾರೂ ಆತಿಥೇಯರಲ್ಲ. ಸನ್ನ-ಬಫಾತ್ ಬಡಿಸಲು ಬೇರೆಯವರಿದ್ದುದರಿಂದ, ಎಪ್ಪತ್ತು ದಾಟಿದ ನಮ್ಮ ದೊಡ್ಡಮ್ಮ ಜೀವನದಲ್ಲಿ ಮೊದಲ ಬಾರಿಗೆ ಕುಟುಂಬದ ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕುಳಿತರು. ಇದೊಂದೇ ಕಾರಣಕ್ಕೆ ಆ ಖರ್ಚು ಸಾರ್ಥಕವೆಂದು ನಮಗೆ ತೋರಿತು.

ಎರಡನೆಯ ದಿನ ಸಮೀಪದ ಪಿಲಿಕುಳಕ್ಕೆ ಹೋದೆವು. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವೆಂದು ಊರವರ ಮಾತು. ಮಕ್ಕಳಿಗೆ ದೋಣಿವಿಹಾರದ ಸಂಭ್ರಮವಾದರೆ, ಹಿರಿಯರನ್ನು ಸೆಳೆದದ್ದು ಅಲ್ಲಿನ ಕುಶಲಕರ್ಮಿಗಳ ಗ್ರಾಮ ಹಾಗೂ ಗುತ್ತಿನ ಮನೆ. ಕುಂಬಾರನ ತಿಗರಿ, ಎಣ್ಣೆಯ ಗಾಣ, ಅವಲಕ್ಕಿ ಕುಟ್ಟುವ ಬಗೆ ಇವೆಲ್ಲ ಮೊಮ್ಮಕ್ಕಳಿಗೆ ಪ್ರದರ್ಶನದ ವಸ್ತುಗಳು. ಅಜ್ಜಿಯಂದಿರಿಗೋ, ನಿನ್ನೆ ಮೊನ್ನೆಯ ಬದುಕು. ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳುತ್ತಿದ್ದ ಮಕ್ಕಳಿಗೆ ಅವರು ಕೊಂಕಣಿಯಲ್ಲೇ ಉತ್ತರಿಸಿದರು. 1992ರಲ್ಲಿ ಕೊಂಕಣಿಯು ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿದ್ದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಭಾಷೆ ಉಳಿಯುವುದು ಅಜ್ಜಿಯ ಇಂತಹ ಉತ್ತರಗಳಲ್ಲಿ.

ರಾತ್ರಿ ಹೌಸಿ ಆಟ ಮುಗಿದ ಮೇಲೆ ವಂಶವೃಕ್ಷ ಬರೆಯಲು ಕುಳಿತೆವು. ಮೊದಲ ಗಂಡು ಮಗುವಿಗೆ ತಂದೆಯ ತಂದೆಯ ಹೆಸರಿಡುವ ವಾಡಿಕೆಯಿಂದಾಗಿ ಒಂದೇ ಹೆಸರಿನ ಐವರು ಹೊರಟರು. ಮನೆಯ ಅಡ್ಡಹೆಸರುಗಳಿಲ್ಲದಿದ್ದರೆ ಯಾರು ಯಾರೆಂಬುದೇ ತಿಳಿಯುತ್ತಿರಲಿಲ್ಲ. ನೆನಪು ನಿಂತಲ್ಲಿ ನೆರವಿಗೆ ಬರುವುದು ಇಗರ್ಜಿಯ ದಾಖಲೆ ಪುಸ್ತಕ. 1563ರಲ್ಲಿ ಮುಕ್ತಾಯಗೊಂಡ ಟ್ರೆಂಟ್ ಮಹಾಸಭೆಯು ವಿವಾಹಗಳ ದಾಖಲೆಯನ್ನು ಕಡ್ಡಾಯಗೊಳಿಸಿತು, ಜ್ಞಾನಸ್ನಾನದ ಸಾಕ್ಷಿಗಳಾದ ಪದ್ರಿನ್-ಮದ್ರಿನ್ನರ ಹೆಸರುಗಳನ್ನೂ ಬರೆದಿಡಬೇಕೆಂದಿತು. ಇಂದು ಜಾರಿಯಲ್ಲಿರುವ 1983ರ ಧರ್ಮಸಂಹಿತೆಯಂತೆ ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆ-ತಾಯಿ, ಪದ್ರಿನ್-ಮದ್ರಿನ್, ಸ್ಥಳ ಮತ್ತು ದಿನಾಂಕಗಳಿರಬೇಕು. ಮುಂದೆ ದೃಢೀಕರಣ ಹಾಗೂ ವಿವಾಹಗಳ ಉಲ್ಲೇಖವೂ ಅದೇ ಹೆಸರಿನೆದುರು ಸೇರಬೇಕು. ಎಂದಮೇಲೆ ಒಂದು ಸಾಲು ಹಿಡಿದರೆ ಇಡೀ ಕುಟುಂಬದ ಎಳೆ ಸಿಕ್ಕೀತು. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿ ಚದುರಿಹೋದ ಸಮುದಾಯ ನಮ್ಮದು. ಅಂತಹವರಿಗೆ ಮರಳಿ ದೊರೆತ ಪ್ರತಿಯೊಂದು ಹೆಸರೂ ಅಮೂಲ್ಯ.

ಇದು ಬರಿಯ ಕುತೂಹಲವಲ್ಲ. ಅಣ್ಣ-ತಮ್ಮ, ಅಕ್ಕ-ತಂಗಿಯರ ಮಕ್ಕಳ ನಡುವಿನ ವಿವಾಹವು ವಿಶೇಷ ಅನುಮತಿಯಿಲ್ಲದೆ ಸಿಂಧುವಲ್ಲವೆಂದು ಧರ್ಮಸಭೆಯ ನಿಯಮವಿದೆ. ದೂರದ ನಗರಗಳಲ್ಲಿ ಬೆಳೆಯುವ ಯುವಜನರು ತಮ್ಮವರಾರೆಂದು ಅರಿಯುವುದಾದರೂ ಎಲ್ಲಿ? ಹಿಂದೆ ಆ ಲೆಕ್ಕ ಹಿರಿಯಜ್ಜಿಯೊಬ್ಬರ ತಲೆಯಲ್ಲಿರುತ್ತಿತ್ತು. ಅವರು ಕಣ್ಮುಚ್ಚುವ ಮುನ್ನ ಅದು ಕಾಗದಕ್ಕೆ ಇಳಿಯಬೇಕು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಬರಹ ಪ್ರಾಮಾಣಿಕವಾಗದು. ನಮ್ಮ ಹಿರಿಯರಲ್ಲಿ ಇಬ್ಬರು ಸಹೋದರರು ಮೂಲಮನೆಯ ಪಾಲಿನ ನೆಪದಲ್ಲಿ ಹನ್ನೊಂದು ವರ್ಷಗಳಿಂದ ಮಾತು ಬಿಟ್ಟಿದ್ದರು. ಒಬ್ಬರ ಮನೆಯಲ್ಲಿ ಕೂಟವಿದ್ದರೆ ಇನ್ನೊಬ್ಬರು ಬರುತ್ತಿರಲಿಲ್ಲ. ಕೆರೆಯ ದಂಡೆ ಇಬ್ಬರ ಸ್ವತ್ತೂ ಅಲ್ಲವಾದ್ದರಿಂದ ಇಬ್ಬರೂ ಬಂದರು. ದೋಣಿಯಲ್ಲಿ ಕುಳಿತ ಮೊಮ್ಮಗಳು ಇಬ್ಬರ ಕೈಯನ್ನೂ ಹಿಡಿದು ಎಳೆದಾಗ ಇಳಿಯುವ ದಾರಿಯಿರಲಿಲ್ಲ. ಅವರು ಆಡಿದ್ದು ಹಳೆಯ ಮನೆಯ ಬಾವಿಯ ಬಗ್ಗೆ. ಮೇ ತಿಂಗಳಲ್ಲೂ ಅದು ಬತ್ತುತ್ತಿರಲಿಲ್ಲವೆಂಬ ಒಂದೆರಡು ಮಾತು ಮಾತ್ರ. ಪಾಲಿನ ತಕರಾರು ಅಲ್ಲಿ ಇತ್ಯರ್ಥವಾಗಲಿಲ್ಲ, ಇಂದಿಗೂ ಆಗಿಲ್ಲ. ಆದರೆ ನವೆಂಬರ್ 2ರ ಸತ್ತವರ ಸ್ಮರಣೆಯ ದಿನದೊಳಗೆ ತಂದೆ-ತಾಯಿಯ ಸಮಾಧಿಯನ್ನು ಇಬ್ಬರೂ ಸೇರಿ ದುರಸ್ತಿ ಮಾಡಿಸುವುದೆಂದು ಒಪ್ಪಿಕೊಂಡರು, ಹಾಗೆಯೇ ಮಾಡಿಸಿದರು. ಪೂರ್ಣ ರಾಜಿಯಾಗದ ಹೊರತು ಮಾತೇ ಬೇಡವೆನ್ನುವವರು ಇದನ್ನು ಗಮನಿಸಬೇಕು.

ಆದರೂ ಒಂದು ಕುಟುಂಬ ಬಂದಿರಲಿಲ್ಲ. ಮಗಳಿಗೆ ಜ್ವರವೆಂದು ಹೇಳಿಕಳುಹಿಸಿದ್ದರು. ತಲಾ ಇಷ್ಟೆಂದು ನಿಗದಿಯಾಗಿದ್ದ ಮೊತ್ತವೇ ನಿಜವಾದ ಕಾರಣವೆಂದು ಬಳಿಕ ತಿಳಿಯಿತು. ಕೊಲ್ಲಿಯಲ್ಲಿ ದುಡಿಯುವವನಿಗೂ ಬೀಡಿ ಕಟ್ಟಿ ಬದುಕುವವಳಿಗೂ ಒಂದೇ ವಂತಿಗೆ ಹೇರಿದರೆ ಅದು ಸಮಾನತೆಯಲ್ಲ. ಮುಂದಿನ ಬಾರಿ ಮುಚ್ಚಿದ ಲಕೋಟೆಯಲ್ಲಿ ತಮ್ಮ ಶಕ್ತಿಗೆ ತಕ್ಕಷ್ಟು ಹಾಕುವುದು, ಯಾರದೆಷ್ಟೆಂದು ಯಾರೂ ಕೇಳದಿರುವುದು ಎಂದು ನಿರ್ಧರಿಸಿದ್ದೇವೆ. ಕೊರತೆಯಾದರೆ ವಿಶ್ರಾಂತಿಧಾಮದ ಬದಲು ಯಾರದಾದರೂ ತೋಟ ಸಾಕು. ಕುರ್ಚಿಯೊಂದು ಖಾಲಿ ಉಳಿಯುವುದಕ್ಕಿಂತ ಚಾಪೆಯ ಮೇಲೆ ಎಲ್ಲರೂ ಕೂಡುವುದು ಲೇಸು.

ಓದುಗ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ. ಕೂಡುವ ಮುನ್ನ ಹಿರಿಯರೊಬ್ಬರ ಬಳಿ ಒಂದು ಸಂಜೆ ಕುಳಿತು ಹೆಸರುಗಳನ್ನು ಬರೆದುಕೊಳ್ಳಿ; ಅವರ ಧ್ವನಿಯನ್ನು ಮೊಬೈಲಿನಲ್ಲಿ ದಾಖಲಿಸಿ. ನಡೆಯಲಾರದವರನ್ನು ಬಿಟ್ಟು ಹೋಗದಂತೆ ಸ್ಥಳ ಆರಿಸಿ. ಬೇಸಿಗೆ ಮೀರಿದರೆ ಚಿಂತೆಯಿಲ್ಲ. ಪೋಪ್ ಫ್ರಾನ್ಸಿಸರು 2021ರಲ್ಲಿ ಆರಂಭಿಸಿದ ಅಜ್ಜ-ಅಜ್ಜಿಯರ ಹಾಗೂ ವೃದ್ಧರ ವಿಶ್ವದಿನವು ಜುಲೈ ತಿಂಗಳ ನಾಲ್ಕನೆಯ ಭಾನುವಾರ ಬರುತ್ತದೆ. ಆಗ ಇಲ್ಲಿ ಜಡಿಮಳೆ, ಕೆರೆಯ ದಂಡೆ ದೊರೆಯದು. ಅಜ್ಜಿಯ ಮನೆಯ ಜಗಲಿ ಮಾತ್ರ ತೆರೆದೇ ಇರುತ್ತದೆ.