ಮಣಿಕಟ್ಟಿನ ಮೇಲೊಂದು ಸೈಟು

ರಾತ್ರಿ ದೀಪ ಆರಿಸಿ ಮಲಗಿದ ಮೇಲೆ, ಕೈಗೆ ಕಟ್ಟಿದ ಫಿಟ್‌ನೆಸ್ ಬ್ಯಾಂಡಿನ ಅಡಿಯಿಂದ ಹಸಿರು ಬೆಳಕು ಸೋರುವುದನ್ನು ನೀವು ನೋಡಿರಬಹುದು. ರಕ್ತ ಕೆಂಪಗಿದೆ ಎಂಬ ಕಾರಣಕ್ಕೇ ಆ ಬೆಳಕು ಹಸಿರು. ರಕ್ತ ಹಸಿರನ್ನು ಚೆನ್ನಾಗಿ ಹೀರುತ್ತದೆ. ಗುಂಡಿಗೆ ಒಮ್ಮೆ ಬಡಿದಾಗ ಚರ್ಮದಡಿಯ ಸಣ್ಣ ನಾಳಗಳಿಗೆ ತುಸು ಹೆಚ್ಚು ರಕ್ತ ನುಗ್ಗುತ್ತದೆ, ಅಷ್ಟು ಬೆಳಕು ಹೆಚ್ಚಾಗಿ ಇಂಗುತ್ತದೆ, ಮರಳಿ ಬರುವುದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿದರೆ ನಾಡಿ. ಪಂಡಿತರು ಮೂರು ಬೆರಳಿಟ್ಟು ಹಿಡಿಯುತ್ತಿದ್ದುದನ್ನು ಇಲ್ಲಿ ಒಂದು ದೀಪ, ಒಂದು ಕಣ್ಣು ಸೇರಿ ಹಿಡಿಯುತ್ತವೆ.

ಬ್ಯಾಂಡಿನ ಪಟ್ಟಿ, ಬಣ್ಣ, ಆ್ಯಪ್‌ಗಳ ಬಗ್ಗೆ ಮಾತಾಡುವವರು ಬೇಕಾದಷ್ಟು ಜನರಿದ್ದಾರೆ. ನಾನು ಹೇಳಹೊರಟಿದ್ದು ಒಳಗೆ ಕೂತ ಹಸಿರು ತುಣುಕಿನ, ಅಂದರೆ ಪಿಸಿಬಿ ಎಂಬ ಮುದ್ರಿತ ಸರ್ಕ್ಯೂಟ್ ಬೋರ್ಡಿನ ಕಥೆ. ಅದರ ಮೊದಲ ಮಾದರಿಗೆ ನಮ್ಮ ಕಸುಬಿನವರು ‘ಪ್ರೊಟೊ ಬೋರ್ಡ್’ ಅನ್ನುತ್ತಾರೆ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಸಾಫ್ಟ್‌ವೇರಿನವರಷ್ಟು ಕಣ್ಣಿಗೆ ಬೀಳುವುದಿಲ್ಲ. ಅಂಗಿಯ ತೋಳಿಗೆ ಬೆಸುಗೆಯ ಸುಟ್ಟ ಕಲೆ, ಜೇಬಿನಲ್ಲಿ ಚಿಮಟ ಇದ್ದವರನ್ನು ಕಂಡರೆ ನಮ್ಮವರೇ ಅಂದುಕೊಳ್ಳಿ.

ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆ ಈ ಕೆಲಸದ ಸಂಕಟ ಬೇಗ ಅರ್ಥವಾಗುತ್ತದೆ. ನಾನು ಕೆಲಸ ಮಾಡಿದ ಒಂದು ಬೋರ್ಡಿನ ಅಳತೆ 32 ಮಿ.ಮೀ. ಉದ್ದ, 16 ಮಿ.ಮೀ. ಅಗಲ, ಹೆಬ್ಬೆರಳಿನ ತುದಿಗೆಣ್ಣಿನಷ್ಟು. ಅದರಲ್ಲಿ ಪ್ರೊಸೆಸರ್, ರೇಡಿಯೊ, ನಾಡಿ ನೋಡುವ ಸೆನ್ಸರ್, ಹೆಜ್ಜೆ ಎಣಿಸುವ ಸೆನ್ಸರ್, ಚಾರ್ಜಿಂಗ್ ಚಿಪ್, ನಡುಗುವ ಮೋಟರು, ಇವೆಲ್ಲದರ ಜೊತೆ ಐವತ್ತು ಅರವತ್ತು ಚಿಲ್ಲರೆ ಭಾಗಗಳು ಕೂರಬೇಕು. ಅಂಚಿನಲ್ಲಿ ಬಿಡಬೇಕಾದ ಸೆಟ್‌ಬ್ಯಾಕ್ ಬೇರೆ. ಜಾಗ ಸಾಲದಿದ್ದರೆ ಮೇಲೆ ಮಹಡಿ ಎಬ್ಬಿಸುವ ಹಾಗೆ ನಾವೂ ಅಂತಸ್ತು ಹಾಕುತ್ತೇವೆ: 0.8 ಮಿ.ಮೀ. ದಪ್ಪದ ಗಾಜಿನಾರಿನ ಹಾಳೆಯಲ್ಲಿ ನಾಲ್ಕು ಪದರ ತಾಮ್ರ. ಒಂದು ಪದರದಿಂದ ಇನ್ನೊಂದಕ್ಕೆ ಇಳಿಯಲು ‘ವಯಾ’ ಎಂಬ 0.3 ಮಿ.ಮೀ. ತೂತು, ಒಳಗೋಡೆಗೆ ತಾಮ್ರ ಲೇಪಿಸಿದ್ದು. ಒಳಗಿನ ಒಂದಿಡೀ ಪದರವನ್ನು ಗ್ರೌಂಡಿಗೆ ಬಿಟ್ಟುಕೊಡಬೇಕು. ಹೊಸಬರಿಗೆ ಅದು ದಂಡ ಅನ್ನಿಸುತ್ತದೆ. ಹೋದ ಕರೆಂಟು ಹಿಂದಿರುಗಲು ಹತ್ತಿರದ ದಾರಿ ಸಿಗದಿದ್ದರೆ ಊರೆಲ್ಲ ಸುತ್ತಿ ಗದ್ದಲ ಎಬ್ಬಿಸುತ್ತದೆ ಎಂಬುದು ಒಂದು ಬೋರ್ಡು ಕೆಡಿಸಿಕೊಂಡ ಮೇಲಷ್ಟೇ ತಲೆಗೆ ಹೋಗುವ ಪಾಠ.

ಮೊದಲು ಬರೆಯುವುದು ಸ್ಕೀಮ್ಯಾಟಿಕ್, ಯಾವುದರ ಯಾವ ಕಾಲು ಯಾವುದಕ್ಕೆ ಸೇರಬೇಕೆಂಬ ನಕ್ಷೆ. ಇದಕ್ಕೆ ದುಬಾರಿ ಸಾಫ್ಟ್‌ವೇರುಗಳಿವೆ. ಕೈಖರ್ಚಿಲ್ಲದ ನಮ್ಮಂಥವರಿಗೆ ಕೀಕ್ಯಾಡ್ ಇದೆ. ಫ್ರಾನ್ಸಿನ ಜಾನ್-ಪಿಯರ್ ಶಾರಾ 1992ರಲ್ಲಿ ಶುರುಮಾಡಿದ ಈ ಉಚಿತ ತಂತ್ರಾಂಶಕ್ಕೆ 2013ರಿಂದ ಜಿನೀವಾದ ಸರ್ನ್ ಪ್ರಯೋಗಾಲಯವೂ ಕೈಜೋಡಿಸಿತು. ಮೆದುಳಿನ ಜಾಗಕ್ಕೆ ನಾವು ಆರಿಸಿಕೊಂಡದ್ದು ನಾರ್ವೆಯ ನಾರ್ಡಿಕ್ ಸೆಮಿಕಂಡಕ್ಟರ್ ಕಂಪನಿಯ ಎನ್‌ಆರ್‌ಎಫ್52832. ಆರು ಮಿ.ಮೀ. ಚೌಕ, 48 ಕಾಲು, ಒಳಗೇ ಬ್ಲೂಟೂತ್ ರೇಡಿಯೊ. ಅದರ ಪ್ರತಿ ಪವರ್ ಪಿನ್ನಿನ ಬಗಲಲ್ಲೂ ಒಂದೊಂದು ಪುಟ್ಟ ಕೆಪಾಸಿಟರ್ ಇಡಬೇಕು. ಬೀದಿಯ ನಲ್ಲಿ ಬರುವವರೆಗೆ ಬಚ್ಚಲ ಹಂಡೆಯ ನೀರೇ ಗತಿ ಅನ್ನುವಂತೆ, ಚಿಪ್ ಥಟ್ಟನೆ ಕರೆಂಟು ಕೇಳಿದಾಗ ಬ್ಯಾಟರಿಗಿಂತ ಮೊದಲು ಕೊಡುವುದು ಈ ಕೆಪಾಸಿಟರ್. ಹಂಡೆ ದೂರವಿದ್ದರೆ ಪ್ರಯೋಜನವಿಲ್ಲ.

ನಕ್ಷೆ ಮುಗಿಸಿ ಲೇಔಟಿಗೆ ಬಂದಾಗ ಪರದೆಯ ಮೇಲೆ ಬಿಳಿ ಎಳೆಗಳ ಗೋಜಲು ಬಂದು ಬೀಳುತ್ತದೆ. ಅದನ್ನು ಬಿಡಿಸುವುದು ಚುಕ್ಕಿ ರಂಗೋಲಿಯ ಕೆಲಸವೇ, ಆದರೆ ಒಂದು ಕಟ್ಟುನಿಟ್ಟು: ಒಂದೇ ಪದರದಲ್ಲಿ ಎರಡು ಗೆರೆ ಒಂದನ್ನೊಂದು ದಾಟಕೂಡದು. ಗೆರೆಯ ದಪ್ಪ 0.15 ಮಿ.ಮೀ., ನಡುವಿನ ಸಂದೂ ಅಷ್ಟೇ. ಎಷ್ಟೋ ಜನ ಗೆರೆ ಎಳೆಯುವುದನ್ನೇ ಕಸುಬಿನ ಜೀವಾಳ ಅಂದುಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಗೆರೆ ಎಳೆಯುವ ಮೊದಲೇ, ಯಾರು ಎಲ್ಲಿ ಕೂರಬೇಕೆಂದು ತೀರ್ಮಾನಿಸುವಾಗಲೇ ಬೋರ್ಡಿನ ಹಣೆಬರಹ ಮುಗಿದಿರುತ್ತದೆ. ವಾಸ್ತು ನಂಬದ ನಾನು ಬೋರ್ಡಿನ ವಾಸ್ತುವನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತೇನೆ.

ಅದರಲ್ಲಿ ಮೊದಲ ಮರ್ಯಾದೆ ಆಂಟೆನಾಕ್ಕೆ. ಬ್ಲೂಟೂತಿನ 2.4 ಗಿಗಾಹರ್ಟ್ಸ್ ಅಲೆ ಸುಮಾರು 12.5 ಸೆಂ.ಮೀ. ಉದ್ದ. ಸರಳವಾದ ಆಂಟೆನಾ ಅದರ ಕಾಲುಭಾಗ, ಅಂದರೆ 3 ಸೆಂ.ಮೀ. ಚಿಲ್ಲರೆ ಇರಬೇಕು. ನಮ್ಮ ಸೈಟೇ ಅಷ್ಟುದ್ದ! ಹಾಗಾಗಿ ಅಕ್ಕಿಕಾಳಿಗಿಂತ ಚಿಕ್ಕದಾದ ಪಿಂಗಾಣಿ ಆಂಟೆನಾ ತಂದು ಮೂಲೆಯಲ್ಲಿ ಕೂರಿಸುತ್ತೇವೆ. ಅದರ ಕೆಳಗೆ ಯಾವ ಪದರದಲ್ಲೂ ತಾಮ್ರ ಇರಕೂಡದು, ಪಕ್ಕದಲ್ಲಿ ಲೋಹ ಸುಳಿಯಕೂಡದು. ಇಷ್ಟೆಲ್ಲ ಉಪಚಾರ ಮಾಡಿದರೂ ದೊಡ್ಡ ಶತ್ರು ಕೆಳಗೇ ಮಲಗಿರುತ್ತದೆ, ನಮ್ಮ ಕೈ. ಮೈಯ ಹೆಚ್ಚುಪಾಲು ನೀರು. ನೀರು ಈ ಅಲೆಗಳನ್ನು ನುಂಗುತ್ತದೆ. ಮೈಕ್ರೊವೇವ್ ಒಲೆ ತಂಗಳನ್ನ ಬಿಸಿ ಮಾಡುವುದೂ ಇದೇ ಅಲೆಪಟ್ಟಿಯಲ್ಲಿ. ಹೆದರಬೇಡಿ, ಒಲೆಯದು ನೂರಾರು ವಾಟ್, ಬ್ಯಾಂಡಿನದು ಒಂದೆರಡು ಮಿಲಿವಾಟ್. ಸಾಲದ್ದಕ್ಕೆ, ಚರ್ಮ ಹತ್ತಿರ ಬಂದೊಡನೆ ಆಂಟೆನಾದ ಶ್ರುತಿಯೇ ಇಳಿಯುತ್ತದೆ. ಬೆವರಿದ ಕೈಯಲ್ಲಿ ತಂಬೂರಿ ಹಿಡಿದಂತೆ.

ಇಲ್ಲಿ ಮುಗ್ಗರಿಸಿದವರಲ್ಲಿ ಘಟಾನುಘಟಿಗಳೂ ಇದ್ದಾರೆ. ಜೇಮ್ಸ್ ಪಾರ್ಕ್ ಮತ್ತು ಎರಿಕ್ ಫ್ರೀಡ್‌ಮನ್ 2007ರಲ್ಲಿ ಫಿಟ್‌ಬಿಟ್ ಕಂಪನಿ ಕಟ್ಟಿದಾಗ ಅವರ ಕೈಯಲ್ಲಿದ್ದದ್ದು ಮರದ ಪುಟ್ಟ ಪೆಟ್ಟಿಗೆಯೊಳಗಿಟ್ಟ ಒಂದು ಸರ್ಕ್ಯೂಟ್ ಬೋರ್ಡು. ಮುಂಗಡ ಬುಕಿಂಗ್ ಬಂದು, ಸರಕು ಕಳಿಸಬೇಕಾದ ಹೊತ್ತಿಗೆ ಆಂಟೆನಾ ಕೈಕೊಟ್ಟಿತು. ಹೋಟೆಲ್ ಕೋಣೆಯ ಮಂಚದ ಮೇಲೆ ಬೋರ್ಡಿನ ನಕ್ಷೆ ಹಿಡಿದು ಕೂತ ಪಾರ್ಕ್‌ಗೆ ಕಂಪನಿಯ ಕಥೆ ಮುಗಿಯಿತು ಅನ್ನಿಸಿತ್ತಂತೆ. ಕೊನೆಗೆ ಪರಿಹಾರವಾದದ್ದು ಬೋರ್ಡಿನ ಮೇಲಿಟ್ಟ ಒಂದು ಚೂರು ಫೋಮ್. 2021ರಲ್ಲಿ ಗೂಗಲ್ 210 ಕೋಟಿ ಡಾಲರಿಗೆ ಕೊಂಡದ್ದು ಇದೇ ಕಂಪನಿಯನ್ನು. ಸಂದು ಕಾಯುವ ಫೋಮಿನ ಬಗ್ಗೆ ನನಗೆ ಅಂದಿನಿಂದ ವಿಶೇಷ ಗೌರವ.

ನಮ್ಮದೂ ಅಂಥದೇ ಎಡವಟ್ಟು. ಮೊದಲ ಪ್ರೊಟೊ ಮೇಜಿನ ಮೇಲಿದ್ದಾಗ ಆಫೀಸಿನ ಆ ತುದಿಯ ಫೋನಿಗೂ ಮಾತಾಡುತ್ತಿತ್ತು. ಎಡಗೈಗೆ ಕಟ್ಟಿ ಫೋನನ್ನು ಬಲಗಡೆಯ ಹಿಂಜೇಬಿಗೆ ಹಾಕಿ ಹತ್ತು ಹೆಜ್ಜೆ ನಡೆದರೆ ಸಂಪರ್ಕ ಕಡಿಯುತ್ತಿತ್ತು. ಎರಡು ದಿನ ಸಾಫ್ಟ್‌ವೇರ್ ಬರೆದವನನ್ನು ಬೈದೆವು. ಮೂರನೆಯ ದಿನ ಕವಚ ಬಿಚ್ಚಿದಾಗ ಕಂಡದ್ದು, ಬ್ಯಾಟರಿ ಸರಿಯಾಗಿ ಆಂಟೆನಾದ ಕೆಳಗೇ ಬಂದು ಕೂತಿತ್ತು. ಬೋರ್ಡಿನ ನಕ್ಷೆಯಲ್ಲಿ ಬ್ಯಾಟರಿ ಇರಲಿಲ್ಲ, ಅದು ಕವಚ ಮಾಡುವವನ ನಕ್ಷೆಯಲ್ಲಿತ್ತು. ಇಬ್ಬರೂ ನಮ್ಮ ನಮ್ಮ ಪರದೆಯಲ್ಲಿ ಸರಿಯಾಗಿಯೇ ಮಾಡಿದ್ದೆವು. ಆಮೇಲಿಂದ ಆಂಟೆನಾದ ಶ್ರುತಿ ಹಿಡಿಯುವ ಎರಡು ಮೂರು ಬಿಡಿಭಾಗಗಳ ಬೆಲೆಯನ್ನು ಬ್ಯಾಟರಿ, ಕವಚ ಎಲ್ಲ ಸೇರಿಸಿ, ನಿಜವಾದ ಕೈಗೆ ಕಟ್ಟಿಯೇ ಗೊತ್ತುಮಾಡುತ್ತೇವೆ. ಕೈ ಕೂಡ ಸರ್ಕ್ಯೂಟಿನ ಒಂದು ಭಾಗ. ಅದನ್ನು ಸ್ಕೀಮ್ಯಾಟಿಕ್‌ನಲ್ಲಿ ಬರೆಯಲು ಚಿಹ್ನೆ ಮಾತ್ರ ಇಲ್ಲ.

ನಾಡಿಯ ಸೆನ್ಸರಿಗೂ ಕೈಯದೇ ಕಿರಿಕಿರಿ. ಮರಳಿ ಬರುವ ಬೆಳಕಿನಲ್ಲಿ ನಾಡಿಯ ಪಾಲು ನೂರಕ್ಕೆ ಒಂದೆರಡು, ಎಷ್ಟೋ ಸಲ ಅದಕ್ಕೂ ಕಡಿಮೆ. ಉಳಿದದ್ದೆಲ್ಲ ಚರ್ಮ, ಮಾಂಸಗಳಿಂದ ಸುಮ್ಮನೆ ತಿರುಗಿ ಬಂದದ್ದು. ದೀಪದ ಬೆಳಕು ಚರ್ಮಕ್ಕೆ ಹೋಗದೆ ನೇರ ಪಕ್ಕದ ಕಣ್ಣಿಗೇ ಬಿದ್ದರೆ ಆ ಒಂದೆರಡೂ ಮುಳುಗಿಹೋಗುತ್ತದೆ. ಅದಕ್ಕೇ ಎರಡರ ನಡುವೆ ಕಪ್ಪು ಗೋಡೆ. ನಮ್ಮ ಕಂದು ಚರ್ಮದ ಮೆಲನಿನ್ ಹಸಿರನ್ನು ತಾನೂ ಹೀರುವುದರಿಂದ, ಬಿಳಿಯರ ಕೈ ಮೇಲಷ್ಟೇ ಪರೀಕ್ಷಿಸಿದ ಬೋರ್ಡು ನಮ್ಮಲ್ಲಿ ತಡವರಿಸಬಹುದು. ಹಚ್ಚೆ ಇದ್ದರಂತೂ ಕೇಳಬೇಡಿ.

ಇನ್ನು ಜಿಪುಣತನದ ಲೆಕ್ಕ. ಬ್ಯಾಟರಿ 100 ಮಿಲಿ ಆಂಪಿಯರ್-ಅವರ್. ಹಸಿರು ದೀಪಕ್ಕೆ 20 ಮಿಲಿ ಆಂಪಿಯರ್ ಕೊಟ್ಟು ಉರಿಯಲು ಬಿಟ್ಟರೆ ಐದೇ ಗಂಟೆಯಲ್ಲಿ ಖಾಲಿ. ಆದ್ದರಿಂದ ಸೆಕೆಂಡಿಗೆ 25 ಸಲ, ಸಲಕ್ಕೆ 400 ಮೈಕ್ರೊಸೆಕೆಂಡ್ ಮಾತ್ರ ಮಿನುಗಿಸುತ್ತೇವೆ. ಒಟ್ಟು ಸೇರಿಸಿದರೆ ಸೆಕೆಂಡಿನ ನೂರರಲ್ಲೊಂದು ಪಾಲು, ಸರಾಸರಿ 0.2 ಮಿಲಿ ಆಂಪಿಯರ್‌ಗೆ ಇಳಿಯುತ್ತದೆ. ಉಳಿದವೆಲ್ಲ ಸೇರಿ ಇನ್ನೊಂದು 0.2 ಎಂದರೆ ಹತ್ತು ದಿನ ಬಾಳಿಕೆ. ಇಷ್ಟು ಹಿಂಡಿ ಉಳಿಸಿದ್ದನ್ನು ಒಂದು ಪೈಸೆಯ ರೆಸಿಸ್ಟರ್ ಕುಡಿದುಬಿಡಬಲ್ಲದು. ಹತ್ತು ಕಿಲೋಓಮಿನ ಒಂದು ರೆಸಿಸ್ಟರ್ 3 ವೋಲ್ಟಿನಿಂದ ನೆಲಕ್ಕೆ ಸದಾ ಎಳೆಯುತ್ತಿದ್ದರೆ 0.3 ಮಿಲಿ ಆಂಪಿಯರ್ ಸೋರಿಕೆ. ಹತ್ತು ದಿನ ಹೋಗಿ ಆರಾಯಿತು.

ಚಿಪ್ಪಿನ ಪಕ್ಕ ಒಂದು ಪುಟ್ಟ ಹರಳಿದೆ, ಸೆಕೆಂಡಿಗೆ 32,768 ಸಲ ಕಂಪಿಸುವಂಥದು. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಸೆಕೆಂಡು ಸಿಗುತ್ತದೆ. ಕ್ವಾರ್ಟ್ಜ್ ಗಡಿಯಾರದ ಹೃದಯವೂ ಇದೇ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲಾರಂಭಿಸಿದ ಎಚ್‌ಎಂಟಿಯ ಕೀಲಿ ಕೊಡುವ ಗಡಿಯಾರಗಳನ್ನು ನುಂಗಿದ್ದೂ ಈ ಹರಳೇ. ನಮ್ಮಪ್ಪನ ಎಚ್‌ಎಂಟಿ ಜನತಾ ಇನ್ನೂ ಬೀರುವಿನಲ್ಲಿದೆ, ಕೀಲಿ ಕೊಟ್ಟರೆ ಓಡುತ್ತದೆ. ನನ್ನ ಬ್ಯಾಂಡಿನ ಬ್ಯಾಟರಿ ಮೂರು ವರ್ಷಕ್ಕೆ ಕೈಚೆಲ್ಲಿತು.

ಲೇಔಟ್ ಮುಗಿದರೆ ‘ಗರ್ಬರ್’ ಫೈಲುಗಳನ್ನು ಬೋರ್ಡು ಮಾಡುವವರಿಗೆ ಕಳಿಸಬೇಕು. ಈ ಹೆಸರಿನ ಹಿಂದಿನ ಜೋಸೆಫ್ ಗರ್ಬರ್ ನಾಜಿಗಳ ಕೈಗೆ ಸಿಕ್ಕಿ, ತಪ್ಪಿಸಿಕೊಂಡು 1940ರಲ್ಲಿ ಅಮೆರಿಕ ಸೇರಿದ ವಿಯೆನ್ನಾದ ಹುಡುಗ. ಮುದ್ರಿತ ಸರ್ಕ್ಯೂಟಿನ ಜನಕ ಪಾಲ್ ಐಸ್ಲರ್ ಕೂಡ ವಿಯೆನ್ನಾದ ಯಹೂದಿಯೇ. 1936ರಲ್ಲಿ ಲಂಡನ್ ಸೇರಿ, ತಂತಿಗಳ ಬದಲು ತಾಮ್ರದ ಹಾಳೆಯಲ್ಲಿ ಅಚ್ಚಾದ ಗೆರೆಗಳಿರುವ ರೇಡಿಯೊ ಮಾಡಿ ಕಂಪನಿಗಳಿಗೆ ತೋರಿಸಿದ. ತಂತಿ ಜೋಡಿಸುವ ಹುಡುಗಿಯರ ಕೂಲಿ ಇದಕ್ಕಿಂತ ಅಗ್ಗ ಎಂಬ ಉತ್ತರ ಬಂತು. ಅವನ ವಿದ್ಯೆಗೆ ಬೆಲೆ ಬಂದದ್ದು ಯುದ್ಧದಲ್ಲಿ, ಗುರಿಯ ಹತ್ತಿರ ಬಂದಾಗ ತಾನೇ ಸಿಡಿಯುವ ಶೆಲ್ಲುಗಳೊಳಗೆ. ಈಗ ಆಸ್ಟ್ರಿಯಾದ್ದೇ ಆದ ಎಟಿ ಆಂಡ್ ಎಸ್ ಕಂಪನಿ ನಮ್ಮ ನಂಜನಗೂಡಿನಲ್ಲಿ ಪಿಸಿಬಿ ಮಾಡುತ್ತದೆ. ಐದು ಬೋರ್ಡಿನ ಗಿರಾಕಿಗಳಾದ ನಾವು ಅಂಥ ದೊಡ್ಡ ಬಾಗಿಲು ತಟ್ಟುವಂತಿಲ್ಲ. ಚೀನಾದ ಶೆನ್‌ಜೆನ್‌ಗೆ ಫೈಲು ಕಳಿಸಿ, ಬೋರ್ಡಿಗಿಂತ ಹೆಚ್ಚು ಸಾಗಣೆ ಖರ್ಚು ಕೊಟ್ಟು, ಕಸ್ಟಮ್ಸ್ ದಾಟಿ ಬರಲೆಂದು ಕಾಯುತ್ತೇವೆ. ಕಾಯುವ ದಿನಗಳಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಗೆ ಒಂದು ಸುತ್ತು. ಬ್ಯಾಟರಿ, ತಂತಿ, ಚಿಮಟ ಅಲ್ಲಿ ಸಿಗುತ್ತವೆ. ಮಾರುವವರ ಸಲಹೆಯೂ ಸಿಗುತ್ತದೆ, ಪುಕ್ಕಟೆ.

ಜೋಡಿಸುವುದು ನನಗೆ ಇಷ್ಟವಾದ ಘಟ್ಟ. ತೆಳು ಉಕ್ಕಿನ ಜಾಲರಿಯನ್ನು ಬೋರ್ಡಿನ ಮೇಲಿಟ್ಟು, ಬೂದು ಬಣ್ಣದ ಸೋಲ್ಡರ್ ಪೇಸ್ಟನ್ನು ಬೆಣ್ಣೆ ಸವರಿದಂತೆ ಸವರಬೇಕು. ಈ ಪೇಸ್ಟನ್ನು ಫ್ರಿಜ್ಜಿನಲ್ಲೇ ಇಡಬೇಕು, ಆದರೆ ಮೊಸರಿನ ಪಕ್ಕ ಅಲ್ಲ. ಒಂದು ಮಿ.ಮೀ. ಉದ್ದ, ಅರ್ಧ ಮಿ.ಮೀ. ಅಗಲದ ಕೆಪಾಸಿಟರುಗಳನ್ನು ಉಸಿರು ಬಿಗಿಹಿಡಿದು ಇಡಬೇಕು. ಒಬ್ಬರು ಸೀನಿದರೆ ಅರ್ಧ ದಿನದ ಕೆಲಸ ಹೋಯಿತು. ಕೊನೆಗೆ ದೋಸೆ ಕಾವಲಿಯಂಥ ಬಿಸಿ ಫಲಕದ ಮೇಲೆ. ಸೀಸವಿಲ್ಲದ ಬೆಸುಗೆ 217 ಡಿಗ್ರಿಯಲ್ಲಿ ಕರಗುತ್ತದೆ. ಬೂದು ಹಿಟ್ಟಿನಂತಿದ್ದದ್ದು ತಟಕ್ಕನೆ ಬೆಳ್ಳಿಯಾಗುತ್ತದೆ, ವಾರೆಯಾಗಿ ಕೂತಿದ್ದ ಭಾಗಗಳು ಕರಗಿದ ಲೋಹದ ಸೆಳೆತಕ್ಕೆ ತಾವಾಗಿಯೇ ಹೊರಳಿ ನೆಟ್ಟಗಾಗುತ್ತವೆ. ಎಷ್ಟು ಸಲ ನೋಡಿದರೂ ಸಾಲದು.

ಬ್ಯಾಟರಿ ಜೋಡಿಸುವ ಆತುರ ಮಾತ್ರ ಬೇಡ. ಮೊದಲು ಮಲ್ಟಿಮೀಟರಿನಲ್ಲಿ ಪವರ್‌ಗೂ ಗ್ರೌಂಡಿಗೂ ಮುಟ್ಟಿಸಿ ‘ಕುಂಯ್’ ಅನ್ನುವುದಿಲ್ಲ ಎಂದು ನೋಡಬೇಕು. ಆಮೇಲೆ 50 ಮಿಲಿ ಆಂಪಿಯರ್ ದಾಟದಂತೆ ಕಟ್ಟುಹಾಕಿದ ಪವರ್ ಸಪ್ಲೈ. ನಮ್ಮ ಮೊದಲ ಬೋರ್ಡು ಹೊಗೆಯನ್ನೇನೋ ಬಿಡಲಿಲ್ಲ, ಆದರೆ ಹೆಜ್ಜೆ ಎಣಿಸುವ ಸೆನ್ಸರ್ ಮಾತೇ ಆಡಲಿಲ್ಲ. ಸೆನ್ಸರ್ ತಯಾರಿಸಿದವರು ಅದರ ಕಾಲುಗಳ ಚಿತ್ರವನ್ನು ಕೆಳಗಿನಿಂದ ನೋಡಿದಂತೆ ಬರೆದಿದ್ದರು, ನಾನು ಮೇಲಿನಿಂದ ನೋಡಿದಂತೆ ಓದಿಕೊಂಡಿದ್ದೆ. ಕನ್ನಡಿಯ ಪ್ರತಿಬಿಂಬ. ಎರಡು ಮಿ.ಮೀ. ಚೌಕದ ಆ ಚಿಪ್ಪನ್ನು ಕಿತ್ತು, ಅಂಗಾತ ಬಿದ್ದ ಜಿರಳೆಯ ಹಾಗೆ ಬೆನ್ನ ಮೇಲೆ ಮಲಗಿಸಿ, ಕೂದಲಿನಂಥ ತಂತಿಗಳಿಂದ ಒಂದೊಂದೇ ಕಾಲು ಸೇರಿಸಿದೆವು. ಮೈಕ್ರೊಸ್ಕೋಪಿನಡಿ ಇಡೀ ಒಂದು ಶನಿವಾರ ಹೋಯಿತು. ಎಣಿಕೆ ಶುರುವಾಯಿತು.

ಎರಡನೆಯ ಬೋರ್ಡಿನ ಮೂಲೆಯಲ್ಲಿ ಬಿಳಿ ಅಕ್ಷರದ ‘ರೆವ್ ಬಿ’ ಇದೆ. ಆಂಟೆನಾ ಇನ್ನೊಂದು ಮೂಲೆಗೆ ಹೋಗಿದೆ, ಸೆನ್ಸರ್ ನೆಟ್ಟಗೆ ಕೂತಿದೆ, ಸೋರುತ್ತಿದ್ದ ರೆಸಿಸ್ಟರ್ ಮಾಯ. 3ಡಿ ಪ್ರಿಂಟರಿನಲ್ಲಿ ಮಾಡಿದ ಒರಟು ಕವಚದೊಳಗೆ ಹಾಕಿ, ಹಬ್ಬಕ್ಕೆ ಹುಬ್ಬಳ್ಳಿಗೆ ಹೋದಾಗ ಅವ್ವನ ಕೈಗೆ ಕಟ್ಟಿದೆ. ಫೋನು ಪಡಸಾಲೆಯಲ್ಲಿ, ಅವ್ವ ಅಡುಗೆಮನೆಯಲ್ಲಿ, ನಡುವೆ ಒಂದು ದಪ್ಪ ಮಣ್ಣಿನ ಗೋಡೆ. ಸಂಪರ್ಕ ಒಮ್ಮೆಯೂ ಕಡಿಯಲಿಲ್ಲ. ನಾಡಿಯೂ ಸರಿಯಾಗಿ ಬಂತು. ಒಂದು ಗಂಟೆ ಕೂತು ಜೋಳದ ರೊಟ್ಟಿ ತಟ್ಟಿ ಎದ್ದವಳು ಫೋನು ನೋಡಿದಳು.

“ಕುಂತಲ್ಲೇ ಕುಂತು ಹನ್ನೊಂದುನೂರು ಹೆಜ್ಜಿ ನಡದೇನಂತ. ಇದಕ್ಕೇನು ಹುಚ್ಚು ಹಿಡದದೇನೋ?”

ಬೋರ್ಡಿನಲ್ಲೇನೂ ದೋಷವಿಲ್ಲ, ಅದು ಸಾಫ್ಟ್‌ವೇರಿನವರ ಪಾಲಿನ ಕೆಲಸ ಎಂದು ಅವ್ವನಿಗೆ ಹೇಳಿದೆ. ಅವಳು ಬ್ಯಾಂಡು ಬಿಚ್ಚಿ, ಹಿಟ್ಟು ಒರೆಸಿ, ಮೇಜಿನ ಮೇಲಿಟ್ಟಳು.