ಮೈಗೆ ತಕ್ಕ ಉಡುಗೆ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬುದು ನಮ್ಮ ಹಿರಿಯರ ಮಾತು. ಉಡುಗೆಯ ವಿಷಯದಲ್ಲಿ ಪರರ ಕಣ್ಣಿಗೂ ಒಂದಿಷ್ಟು ಬೆಲೆ ಕೊಡಬೇಕೆಂಬುದು ಅದರ ಅಭಿಪ್ರಾಯ. ಆದರೆ ಪರರ ನೋಟಕ್ಕೆ ಅಂಜಿ ಮನೆಯಿಂದ ಹೊರಬೀಳುವುದನ್ನೇ ಬಿಡಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ.

ಹಿಮಾಯತ್‌ನಗರದ ಒಂದು ಕನ್ನಡ ಮನೆಯನ್ನು ಊಹಿಸಿಕೊಳ್ಳೋಣ. ರಾಜ್ಯೋತ್ಸವದ ಸಂಜೆ. ಬೀರುವಿನ ಬಾಗಿಲು ತೆರೆದಿದೆ. ತವರಿನಿಂದ ಬಂದ ಇಳಕಲ್ ಸೀರೆ ಮಂಚದ ಮೇಲಿದೆ. ಎರಡನೆಯ ಹೆರಿಗೆಯಾಗಿ ವರ್ಷ ಕಳೆದಿರುವ ಗೃಹಿಣಿಗೆ ಮದುವೆಯ ಕಾಲದ ಕುಪ್ಪಸ ತೋಳಿನಲ್ಲಿ ಏರದು, ಎದೆಯಲ್ಲಿ ಕೂಡದು. “ನೀವು ಮಕ್ಕಳನ್ನ ಕರಕೊಂಡು ಹೋಗಿ ಬರ್ರಿ, ನಾ ಬರಂಗಿಲ್ಲ” ಎಂದು ಆಕೆ ಪತಿಗೆ ಹೇಳುತ್ತಾಳೆ. ವರ್ಷಕ್ಕೊಮ್ಮೆ ತನ್ನ ಭಾಷೆಯವರ ನಡುವೆ ಕುಳಿತುಕೊಳ್ಳುವ ಅವಕಾಶವು ಎರಡು ಅಂಗುಲ ಬಟ್ಟೆಯ ಕೊರತೆಯಿಂದ ಕೈತಪ್ಪುತ್ತದೆ. ಆಗ ಒಳಗಿನಿಂದ ಅತ್ತೆಯವರು ಕತ್ತರಿ ಹಿಡಿದು ಬಂದು, “ಮೈದೇನು ತಪ್ಪದವಾ? ತಪ್ಪು ಕುಬಸದ್ದು. ಕೊಡಿಲ್ಲಿ, ಹೊಲಿಗಿ ಬಿಚ್ಚತೀನಿ” ಎಂದರೆ, ಈ ಲೇಖನ ಹೇಳಬೇಕಾದ ಮಾತನ್ನೆಲ್ಲ ಅವರೇ ಹೇಳಿದಂತಾಯಿತು. ಬಟ್ಟೆ ಮೈಗೆ ಹೊಂದಬೇಕೇ ಹೊರತು ಮೈ ಬಟ್ಟೆಗೆ ಹೊಂದಬೇಕಾಗಿಲ್ಲ.

ನಮ್ಮ ಸೀರೆಯ ಔದಾರ್ಯ

ಸಿದ್ಧ ಉಡುಪುಗಳು ಒಂದು ಕಲ್ಪಿತ ಮೈಯನ್ನು ಎದುರಿಗಿಟ್ಟುಕೊಂಡು ಹೊಲಿದವು. ಸೀರೆ ಹಾಗಲ್ಲ. ಸುಮಾರು ಐದೂವರೆ ಮೀಟರಿನ ಒಂದೇ ಬಟ್ಟೆ ಹದಿನೆಂಟರ ಮಗಳಿಗೂ ಎಪ್ಪತ್ತರ ಅಜ್ಜಿಗೂ ಒಪ್ಪುತ್ತದೆ. ಗರ್ಭಿಣಿಗೂ ಬಾಣಂತಿಗೂ ಸಲ್ಲುತ್ತದೆ. ಉತ್ತರ ಕರ್ನಾಟಕದ ಹಿರಿಯ ಹೆಂಗಸರು ಕಚ್ಚೆ ಹಾಕಿ ಉಡುತ್ತಿದ್ದ ಹದಿನೆಂಟು ಮೊಳದ ಸೀರೆಗೆ ಒಳಲಂಗವೂ ಬೇಕಿರಲಿಲ್ಲ.

ಹೈದರಾಬಾದಿನ ಕನ್ನಡಿಗರಿಗೆ ಆಯ್ಕೆಗೆ ಕೊರತೆಯಿಲ್ಲ. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಗಡಿ ಬದಲಾದರೂ ಮಗ್ಗಗಳ ನಂಟು ಕಡಿದುಹೋಗಿಲ್ಲ. ಅತ್ತ ಇಳಕಲ್, ಮೊಳಕಾಲ್ಮೂರು, ಮೈಸೂರು. ಇತ್ತ ಗದ್ವಾಲ, ನಾರಾಯಣಪೇಟೆ, ಪೋಚಂಪಲ್ಲಿ. ಇವುಗಳ ಗುಣವನ್ನು ಅರಿತರೆ ಅರ್ಧ ಕೆಲಸ ಮುಗಿದಂತೆ. ಮೈಸೂರು ರೇಷ್ಮೆಯ ಕ್ರೇಪ್ ಬಟ್ಟೆ ನೀರಿನಂತೆ ಇಳಿಬಿದ್ದು ಮೈಯ ರೇಖೆಯನ್ನು ಅನುಸರಿಸುತ್ತದೆ. ಗಂಜಿ ಹಾಕಿದ ನೂಲಿನ ಸೀರೆ ಮೈಯಿಂದ ದೂರ ನಿಂತು ಅಗಲವನ್ನು ಕೊಡುತ್ತದೆ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಹಗುರವೂ ಹೌದು, ಸಮಾರಂಭಕ್ಕೂ ಯೋಗ್ಯ. ನಾರಾಯಣಪೇಟೆಯದರಲ್ಲಿ ಚೌಕಳಿ, ಪೋಚಂಪಲ್ಲಿಯದರಲ್ಲಿ ನೂಲಿಗೇ ಬಣ್ಣ ಕಟ್ಟಿ ನೇಯ್ದ ದೊಡ್ಡ ಚಿತ್ತಾರ.

ಯಾರಿಗೆ ಯಾವುದು?

ಒಂದು ಸೂತ್ರವನ್ನು ನೆನಪಿಡಬೇಕು: ಬಣ್ಣ ಎಲ್ಲಿ ಥಟ್ಟನೆ ಬದಲಾಗುವುದೋ ಅಲ್ಲಿ ಕಣ್ಣು ನಿಲ್ಲುತ್ತದೆ. ಕಣ್ಣನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಜಾರಿಸಬೇಕು ಎಂಬುದೇ ಉಡುಗೆಯ ಜಾಣ್ಮೆ.

ಗಿಡ್ಡನೆಯ ಮೈಕಟ್ಟು: ಒಡಲಿಗೆ ವಿರುದ್ಧ ಬಣ್ಣದ ಅಗಲ ಅಂಚು ಎತ್ತರವನ್ನು ತುಂಡುಮಾಡುತ್ತದೆ. ಒಡಲಿನದೇ ಬಣ್ಣದ ಕಿರಿಯಂಚು, ಸಣ್ಣ ಚಿತ್ತಾರ, ಸೀರೆಯ ಬಣ್ಣಕ್ಕೆ ಹತ್ತಿರದ ರವಿಕೆ ಇವು ಒಪ್ಪುತ್ತವೆ. ಸೆರಗನ್ನು ನೆರಿಗೆ ಮಾಡಿ ಹೆಗಲಿಗೆ ಪಿನ್ನು ಹಾಕಿದರೆ ಉದ್ದನೆಯ ರೇಖೆಯೊಂದು ಮೂಡುತ್ತದೆ.

ಎತ್ತರದ ತೆಳು ಮೈಕಟ್ಟು: ಇಳಕಲ್ಲಿನ ಅಗಲ ದಡಿ, ಪೋಚಂಪಲ್ಲಿಯ ದೊಡ್ಡ ಚಿತ್ತಾರ, ಗಂಜಿಯ ನೂಲು ಇವೆಲ್ಲ ಇವರಿಗಾಗಿಯೇ ಇದ್ದಂತಿವೆ. ರವಿಕೆಯ ತೋಳು ಮೊಣಕೈವರೆಗೆ ಬಂದರೆ ಚೆಂದ.

ಹೆಗಲು ಕಿರಿದು, ಸೊಂಟದ ಕೆಳಗೆ ಅಗಲ: ನೋಟವನ್ನು ಮೇಲಕ್ಕೆ ಕರೆಯಬೇಕು. ಕಸೂತಿಯ ಅಥವಾ ತಿಳಿಬಣ್ಣದ ರವಿಕೆ, ಕಡುಬಣ್ಣದ ಇಳಿಬೀಳುವ ಸೀರೆ ಯೋಗ್ಯ. ಸಲ್ವಾರ್ ಕಮೀಜ್ ತೊಡುವವರ ಕಮೀಜು ಅತಿ ಅಗಲವಾದ ಭಾಗದಲ್ಲಿಯೇ ಮುಗಿಯಬಾರದು; ಅದಕ್ಕಿಂತ ಕೆಳಗೆ ಇಳಿಯಬೇಕು.

ಎದೆ, ಹೆಗಲು ತುಂಬಿದವರು: ರವಿಕೆ ಒಂದೇ ಬಣ್ಣದ್ದಾಗಿರಲಿ, ಕಂಠ ಸ್ವಲ್ಪ ಇಳಿದಿರಲಿ. ತೋಳಿನ ಅತಿ ದಪ್ಪ ಭಾಗದಲ್ಲಿ ರವಿಕೆಯ ತೋಳು ನಿಂತರೆ ದಪ್ಪವೇ ಎದ್ದು ಕಾಣುತ್ತದೆ.

ಹೊಟ್ಟೆ ಮುಂದೆ ಬಂದವರು: ನೆರಿಗೆಗಳನ್ನು ನಡುವಿನಲ್ಲಿ ಗುಪ್ಪೆಯಾಗಿ ಸಿಕ್ಕಿಸದೆ, ಕಿರಿದಾಗಿ ಒತ್ತಿ, ಸ್ವಲ್ಪ ಎಡಕ್ಕೆ ಸಿಕ್ಕಿಸಬೇಕು. ಸೊಂಟದಲ್ಲಿ ಸುಕ್ಕುಗಟ್ಟುವ ಲಂಗಕ್ಕಿಂತ ಕಲಿಗಳನ್ನು ಜೋಡಿಸಿ ಹೊಲಿದ ಲಂಗ ಮೇಲು. ಪುರುಷರೂ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಜಾರಿಸಿ ಬೆಲ್ಟು ಬಿಗಿದರೆ ಹೊಟ್ಟೆ ಇನ್ನಷ್ಟು ಮುಂದೆ ಕಾಣುತ್ತದೆ. ಸೊಂಟದ ಅಳತೆಯ ಪ್ಯಾಂಟು, ಹೆಗಲಿಗೆ ಸರಿಯಾಗಿ ಕೂಡುವ ಷರ್ಟು ಲೇಸು.

ಅಡ್ಡಗೆರೆ ಮೈಯನ್ನು ದಪ್ಪ ತೋರಿಸುತ್ತದೆಂಬುದು ಬಹು ಜನರ ನಂಬಿಕೆ. ಆದರೆ ಸಮಾನ ಅಳತೆಯ ಎರಡು ಚೌಕಗಳಲ್ಲಿ ಅಡ್ಡಗೆರೆಯದೇ ಹೆಚ್ಚು ಎತ್ತರವಾಗಿ ತೋರುವುದೆಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿದ್ದ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಥಾಂಪ್ಸನ್ ಮತ್ತು ಮಿಕೆಲ್ಲಿಡೂ ಅವರು ಇದನ್ನು ಉಡುಪಿಗೆ ಅನ್ವಯಿಸಿ ಪರೀಕ್ಷಿಸಿ, ಅಡ್ಡಗೆರೆಗಳಿಂದ ಮೈ ದಪ್ಪವಾಗಿ ತೋರದೆಂದು 2011ರಲ್ಲಿ ಪ್ರಕಟಿಸಿದರು. ಆದ್ದರಿಂದ ಯಾವ ನಿಯಮವನ್ನೂ ಕುರುಡಾಗಿ ನಂಬದೆ, ಅಂಗಡಿಯಲ್ಲಿ ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ನಾಲ್ಕು ಹೆಜ್ಜೆ ಹಿಂದೆ ಸರಿದು ಕನ್ನಡಿಯನ್ನು ಕೇಳಬೇಕು. ದೀಪದ ಬೆಳಕಿನಲ್ಲಿ ಕಂಡ ಬಣ್ಣವನ್ನು ಬಾಗಿಲ ಬಳಿ ಹಗಲಿನ ಬೆಳಕಿನಲ್ಲಿಯೂ ನೋಡುವುದು ಜಾಣತನ.

ಬಿಗಿದ ಲಾಡಿಯ ಅಪಾಯ

ತೆಳ್ಳಗೆ ಕಾಣುವ ಹಂಬಲದಿಂದ ಅನೇಕರು ಲಂಗದ ಲಾಡಿಯನ್ನು ಉಸಿರು ಕಟ್ಟುವಂತೆ ಬಿಗಿಯುತ್ತಾರೆ. ಬಿಗಿದಲ್ಲಿ ಕೊಬ್ಬು ಕರಗುವುದಿಲ್ಲ. ಮೇಲೂ ಕೆಳಗೂ ಉಬ್ಬುತ್ತದೆ ಅಷ್ಟೆ. ಮೇ ತಿಂಗಳಲ್ಲಿ ಹೈದರಾಬಾದಿನ ಬಿಸಿಲು ನಲವತ್ತು ಡಿಗ್ರಿ ದಾಟುವಾಗ, ಬೆವರಿನಲ್ಲಿ ನೆನೆದ ದಾರ ಒಂದೇ ಗೆರೆಯಲ್ಲಿ ಉಜ್ಜುತ್ತಿದ್ದರೆ ಚರ್ಮ ಕಪ್ಪಾಗುತ್ತದೆ, ಸಿಪ್ಪೆಯೇಳುತ್ತದೆ, ತುರಿಸುತ್ತದೆ. ಬೆವರುಸಾಲೆ, ಹುಳುಕಡ್ಡಿಗಳಿಗೆ ಆಶ್ರಯವಾಗುತ್ತದೆ.

ಅಪರೂಪಕ್ಕೆ ಇದು ಇನ್ನೂ ದೂರ ಹೋಗುವುದುಂಟು. ಖಾನೋಲ್ಕರ್ ಮತ್ತು ಸೂರ್ಯಾಬಾಯಿ ಎಂಬ ಭಾರತೀಯ ಸಂಶೋಧಕರು 1945ರಲ್ಲಿಯೇ ಸೊಂಟದ ಈ ಭಾಗದಲ್ಲಿ ಹುಟ್ಟುವ ಚರ್ಮದ ಕ್ಯಾನ್ಸರನ್ನು ಧೋತರದ ಕಟ್ಟಿನೊಡನೆ ಸಂಬಂಧಿಸಿ ವರ್ಣಿಸಿದ್ದರು. 2024ರಲ್ಲಿ ವರ್ಧಾ ಮತ್ತು ಮಧುಬನಿಯ ವೈದ್ಯರು ಲಂಗ ಹಾಗೂ ಸೀರೆಯ ಬಿಗಿತದಿಂದ ಇಂಥ ಹುಣ್ಣಾದ ಇಬ್ಬರು ವೃದ್ಧೆಯರ ವಿವರಗಳನ್ನು ಪ್ರಕಟಿಸಿದರು. ಒಬ್ಬರಿಗೆ ಹದಿನೆಂಟು ತಿಂಗಳು, ಇನ್ನೊಬ್ಬರಿಗೆ ಎರಡು ವರ್ಷ ಆ ಹುಣ್ಣು ಮಾಯದೆ ಉಳಿದಿತ್ತು. ಇದು ತೀರ ವಿರಳವಾದ ರೋಗ, ಭಯಪಡಬೇಕಾಗಿಲ್ಲ. ಆದರೆ ಎಚ್ಚರಿಕೆ ಸುಲಭ. ದಾರದ ಬದಲು ಎರಡಂಗುಲದ ಅಗಲ ಪಟ್ಟಿ ಹೊಲಿಸಬೇಕು. ಕಟ್ಟುವ ಜಾಗವನ್ನು ಆಗಾಗ ಬದಲಿಸಬೇಕು. ಮನೆಗೆ ಬಂದೊಡನೆ ಸಡಿಲಿಸಬೇಕು. ಆ ಜಾಗವನ್ನು ತೊಳೆದು ಒಣಗಿಸಬೇಕು. ಕೆಲವು ವಾರಗಳಲ್ಲಿ ಮಾಯದ ಹುಣ್ಣನ್ನು ಸಂಕೋಚದಿಂದ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು.

ಒಂದೇ ಪಟ್ಟಿ, ಎರಡು ಅಳತೆ

ಮೈಯ ಆಕಾರ ಬರಿಯ ಚೆಲುವಿನ ವಿಷಯವಲ್ಲವೆಂದು ಮೊದಲು ಎತ್ತಿಹೇಳಿದವರಲ್ಲಿ ಫ್ರಾನ್ಸಿನ ವೈದ್ಯ ಜ್ಯಾಂ ವಾಗ್ ಒಬ್ಬರು. ಕೊಬ್ಬು ಮೈಯ ಮೇಲ್ಭಾಗದಲ್ಲಿ ಸೇರುವುದಕ್ಕೂ ತೊಡೆ, ಸೊಂಟದ ಕೆಳಗೆ ಸೇರುವುದಕ್ಕೂ ಇರುವ ಅಂತರವನ್ನು ಅವರು 1947ರಲ್ಲಿ ವಿವರಿಸಿದರು. ಕೆಳಗೆ ಅಗಲವಿರುವವರು ಅಷ್ಟಾಗಿ ಚಿಂತಿಸಬೇಕಾಗಿಲ್ಲ. ಹೊಟ್ಟೆಯೊಳಗಿನ ಕೊಬ್ಬು ಮಾತ್ರ ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ದಾರಿಮಾಡುತ್ತದೆ. ಭಾರತೀಯ ಸ್ತ್ರೀಯರಲ್ಲಿ 80 ಸೆಂಟಿಮೀಟರ್, ಪುರುಷರಲ್ಲಿ 90 ಸೆಂಟಿಮೀಟರ್ ದಾಟಿದ ಸೊಂಟ ಎಚ್ಚರಿಕೆಯ ಗಂಟೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಸಹಜವಾಗಿ ಉಸಿರುಬಿಟ್ಟು ಅಳೆಯಬೇಕು. ದರ್ಜಿಯ ಪಟ್ಟಿ ಸೊಂಟವನ್ನು ಸುತ್ತಿದಾಗ ಹೊಲಿಗೆಗೆ ಒಂದು ಅಂಕೆ, ಆರೋಗ್ಯಕ್ಕೆ ಒಂದು ಅಂಕೆ ಬರೆದುಕೊಂಡರೆ ಒಂದೇ ಖರ್ಚಿನಲ್ಲಿ ಎರಡು ಲಾಭ. ಹೊಟ್ಟೆಯನ್ನು ಸೆರಗಿನಿಂದ ಮರೆಸುವುದು ತಪ್ಪಲ್ಲ. ತನ್ನಿಂದಲೇ ಮರೆಸಿಕೊಳ್ಳುವುದು ತಪ್ಪು. ಸಂಜೆಯ ನಡಿಗೆ, ಮಿತವಾದ ಊಟ ಇವುಗಳಿಗೆ ಬದಲಾಗಿ ನಿಲ್ಲಬಲ್ಲ ಸೀರೆಯನ್ನು ಯಾವ ನೇಕಾರನೂ ನೇಯ್ದಿಲ್ಲ.

ಕೊನೆಯದಾಗಿ ಒಂದು ಮನೆವಾರ್ತೆಯ ಸಲಹೆ. ರವಿಕೆ ಹೊಲಿಸುವಾಗ ಎರಡೂ ಪಕ್ಕಗಳಲ್ಲಿ ಒಂದೊಂದು ಅಂಗುಲ ಬಟ್ಟೆಯನ್ನು ಒಳಗೆ ಬಿಡಿಸಿ, ಎರಡು ಮೂರು ಸಾಲು ಹೊಲಿಗೆ ಹಾಕಿಸಬೇಕು. ಹೆರಿಗೆ, ಕಾಯಿಲೆ, ವಯಸ್ಸು ಇವು ಮೈಯನ್ನು ಬದಲಿಸುವುದು ಪ್ರಕೃತಿಯ ನಿಯಮ. ಬದಲಾದಂತೆ ಒಂದೊಂದು ಸಾಲು ಬಿಚ್ಚಿದರಾಯಿತು. ಆ ಅತ್ತೆಯವರ ಕತ್ತರಿ ಮಾಡಿದ ಕೆಲಸವೂ ಇದೇ. ಅರ್ಧ ಗಂಟೆ ತಡವಾದರೇನು, ಇಳಕಲ್ ಸೀರೆ ಬೀರುವಿನಲ್ಲಿ ಉಳಿಯದೆ ಸಭೆಯ ನಡುವೆ ಕುಳಿತಿರುತ್ತದೆ. ಉಡುಗೆ ಇರುವುದು ಜನರೊಳಗೆ ಬೆರೆಯುವುದಕ್ಕೆ, ಜನರಿಂದ ದೂರವಾಗುವುದಕ್ಕಲ್ಲ.