ಕಾರ್ಡಿಫ್ಫಿನ ಕಲ್ದೈತ್ಯ

ನ್ಯೂಯಾರ್ಕ್ ಎಂದೊಡನೆ ನಮ್ಮವರ ಕಣ್ಮುಂದೆ ನಿಲ್ಲುವುದು ಮುಗಿಲೆತ್ತರದ ಸೌಧಗಳ ಮಹಾನಗರವೇ ಆದರೂ, ಅದೇ ಹೆಸರಿನ ರಾಜ್ಯದ ಒಳನಾಡಿನಲ್ಲಿ, ಹೊಲ ಹುಲ್ಲುಗಾವಲುಗಳ ನಡುವೆ ಹಾಯ್ದುಹೋಗುವ ದಾರಿಗಳ ಅಂಚಿನಲ್ಲಿ, ಒಂಟಿ ಕಂಬದ ಮೇಲೆ ನಿಂತ ನೀಲಿ ನೆಲದ, ಹಳದಿ ಅಕ್ಷರಗಳ ಫಲಕಗಳು ಪ್ರಯಾಣಿಕನಿಗೆ ಮತ್ತೆ ಮತ್ತೆ ಎದುರಾಗುತ್ತವೆ. ಅಮೆರಿಕದ ಸ್ವಾತಂತ್ರ್ಯಸಂಗ್ರಾಮಕ್ಕೆ ನೂರೈವತ್ತು ವರ್ಷ ತುಂಬಿದ ಸಂದರ್ಭದಲ್ಲಿ, 1926ರಲ್ಲಿ, ರಾಜ್ಯದ ಶಿಕ್ಷಣ ಇಲಾಖೆಯು ಚರಿತ್ರೆಯನ್ನು ಸಾರುವ ಈ ಫಲಕಗಳನ್ನು ನೆಡುವ ಕಾರ್ಯವನ್ನು ಕೈಗೊಂಡಿತು. ಫಲಕ ಚಿಕ್ಕದು, ಓದುವವನೋ ಮೋಟಾರಿನಲ್ಲಿ ಧಾವಿಸುತ್ತಿರುವವನು; ಆದಕಾರಣ ಕೆಲವೇ ಮೊಟಕು ಸಾಲುಗಳಲ್ಲಿ ಚರಿತ್ರೆಯನ್ನು ಅಡಕಗೊಳಿಸಬೇಕಾದ ಈ ಬರವಣಿಗೆಯಲ್ಲಿ ವಿಶೇಷಣಗಳಿಗೆ ಎಡೆಯಿಲ್ಲ. ನಮ್ಮ ಶಾಸನಕವಿಗಳಾಗಿದ್ದರೆ ಅವರಿಗೆ ಉಸಿರು ಕಟ್ಟುತ್ತಿತ್ತೇನೋ!

ಸಿರಕ್ಯೂಸ್ ನಗರದ ದಕ್ಷಿಣಕ್ಕಿರುವ ಕಾರ್ಡಿಫ್ ಎಂಬ ಹಳ್ಳಿಯ ಫಲಕವು ಯುದ್ಧವನ್ನಾಗಲಿ ದಂಡನಾಯಕನನ್ನಾಗಲಿ ಸ್ಮರಿಸುವುದಿಲ್ಲ. ಅದು ಸ್ಮರಿಸುವುದು ಒಂದು ಸುಳ್ಳನ್ನು. ಜಾರ್ಜ್ ಹಲ್ ಎಂಬ ಹೊಗೆಸೊಪ್ಪಿನ ವ್ಯಾಪಾರಿ, ಸ್ವಭಾವತಃ ನಾಸ್ತಿಕ; ಪೂರ್ವಕಾಲದಲ್ಲಿ ಭೂಮಿಯ ಮೇಲೆ ದೈತ್ಯರಿದ್ದರೆಂಬ ಬೈಬಲಿನ ಮಾತನ್ನು ಅಕ್ಷರಶಃ ನಂಬಿದ್ದ ಧರ್ಮಬೋಧಕನೊಬ್ಬನೊಡನೆ ವಾದಕ್ಕಿಳಿದ ಆತನು, ವಾದದಿಂದ ತೃಪ್ತನಾಗದೆ, ದೈತ್ಯನನ್ನೇ ನಿರ್ಮಿಸಲು ನಿಶ್ಚಯಿಸಿದನು. 1868ರಲ್ಲಿ ಅಯೋವಾ ರಾಜ್ಯದ ಫೋರ್ಟ್ ಡಾಜ್‌ನಿಂದ ಜಿಪ್ಸಮ್ ಬಂಡೆಯೊಂದನ್ನು ಷಿಕಾಗೋವಿಗೆ ಸಾಗಿಸಿ, ಶಿಲ್ಪಿಗಳಿಂದ ಹತ್ತಡಿಗೂ ಮಿಗಿಲಾದ, ಸುಮಾರು ಮೂರು ಸಾವಿರ ಪೌಂಡು ತೂಕದ ಮಾನವಾಕೃತಿಯನ್ನು ಗುಟ್ಟಾಗಿ ಕಡೆಯಿಸಿ, ಚರ್ಮದ ರೋಮರಂಧ್ರಗಳು ಮೂಡುವಂತೆ ಸೂಜಿಗಳಿಂದ ಚುಚ್ಚಿಸಿ, ಪ್ರಾಚೀನತೆಯ ಕಳೆ ಬರಲೆಂದು ಆಮ್ಲದಿಂದ ತೊಳೆಯಿಸಿ, ಕಾರ್ಡಿಫ್ಫಿನಲ್ಲಿದ್ದ ತನ್ನ ಬಂಧು ವಿಲಿಯಂ ನ್ಯೂವೆಲ್‌ನ ಜಮೀನಿನಲ್ಲಿ ಹೂಳಿಸಿದನು. ಅಷ್ಟಾದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಾಯಿಬಿಡದೆ ಕಾದನು. ಈ ಕಥೆಯಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು ಶಿಲ್ಪವಲ್ಲ, ಆ ತಾಳ್ಮೆ.

1869ರ ಅಕ್ಟೋಬರ್ 16ರಂದು ಬಾವಿ ತೋಡಲು ಬಂದ ಕೂಲಿಗಳ ಗುದ್ದಲಿಗೆ ದೈತ್ಯನ ಪಾದ ತಗುಲಿತು. ನ್ಯೂವೆಲ್ ಡೇರೆ ಹೊಡೆಸಿ ಪ್ರವೇಶಶುಲ್ಕವನ್ನು ಗೊತ್ತುಮಾಡಿದನು. ಜನ ತಂಡೋಪತಂಡವಾಗಿ ಬಂದರು. ಕಲ್ಲಾಗಿ ಹೋದ ಮನುಷ್ಯನೆಂದು ಕೆಲವರೂ, ಪುರಾತನ ಪ್ರತಿಮೆಯೆಂದು ಕೆಲವರೂ ವಾದಿಸುತ್ತಿರಲು, ಯೇಲ್ ವಿಶ್ವವಿದ್ಯಾನಿಲಯದ ಪಂಡಿತ ಓಥ್ನಿಯೆಲ್ ಮಾರ್ಷ್, ಜಿಪ್ಸಮ್ ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಒದ್ದೆನೆಲದಲ್ಲಿ ಬಹುಕಾಲ ನುಣುಪಾಗಿ ಉಳಿಯಲಾರದೆಂದೂ, ಉಳಿಯ ಗುರುತುಗಳು ಇನ್ನೂ ಹೊಸದಾಗಿವೆಯೆಂದೂ ತೋರಿಸಿ, ಇದು ಶುದ್ಧ ವಂಚನೆಯೆಂದು ಸಾರಿದನು. ಡಿಸೆಂಬರಿನಲ್ಲಿ ಹಲ್ ತಾನೇ ಒಪ್ಪಿಕೊಂಡನು. ಅಷ್ಟರಲ್ಲಿ ಪ್ರದರ್ಶನಪಟು ಬಾರ್ನಮ್, ದೈತ್ಯನನ್ನು ಕೊಳ್ಳಲು ಯತ್ನಿಸಿ ವಿಫಲನಾಗಿ, ಗಾರೆಯಲ್ಲಿ ಪ್ರತಿಯೊಂದನ್ನು ಮಾಡಿಸಿ ಅದೇ ಅಸಲೆಂದು ಸಾರುತ್ತಿದ್ದನು. ಖೋಟಾ ವಸ್ತುವಿಗೂ ಖೋಟಾ!

ಸೇನಾನಿಗಳಿಗೆ ಸಲ್ಲುವ ಗೌರವ ಇಂಥ ಮೋಸಕ್ಕೂ ಏಕೆಂದು ಕೇಳುವವರುಂಟು. ತಮ್ಮ ಹಿರಿಯರು ಗೆದ್ದ ಠಾವನ್ನು ಮಾತ್ರವಲ್ಲದೆ ಬೇಸ್ತುಬಿದ್ದ ಠಾವನ್ನೂ ದಾರಿಹೋಕರಿಗೆ ತೋರಿಸಿಕೊಡುವ ಆ ಜನರ ನಿಸ್ಸಂಕೋಚವನ್ನು ನಾನಂತೂ ಮೆಚ್ಚುತ್ತೇನೆ. ಈಚೆಗೆ, 2015ರಿಂದ, ಸಿರಕ್ಯೂಸಿನದೇ ಆದ ಪೊಮೆರಾಯ್ ಪ್ರತಿಷ್ಠಾನವು ದಂತಕಥೆ, ಐತಿಹ್ಯಗಳಿಗೆಂದೇ ಬೇರೊಂದು ಬಗೆಯ ಫಲಕಗಳಿಗೆ ಧನಸಹಾಯ ನೀಡುತ್ತಿದೆ.

ಮಕ್ಕಳನ್ನು ಕಾಣಲು ಅಮೆರಿಕಕ್ಕೆ ಹೋಗುವ ನಮ್ಮ ಹಿರಿಯರು ಆ ಕಡೆ ಪಯಣಿಸಿದಲ್ಲಿ ಕೂಪರ್ಸ್‌ಟೌನಿನ ಹಿಂದೆ ಫಾರ್ಮರ್ಸ್ ಮ್ಯೂಸಿಯಮ್ ಎನಿಸಿದ್ದ ಸಂಗ್ರಹಾಲಯಕ್ಕೂ ಹೋಗಿಬರಲಿ. ಅಸಲು ದೈತ್ಯನು ಅಲ್ಲಿ ಮಲಗಿದ್ದಾನೆ. ಒಳಗೆ ಹೋಗಲು ಈಗಲೂ ಟಿಕೆಟ್ ಕೊಳ್ಳಬೇಕು.